ಉಣುಗಿನ ಪಂಚಾಂಗ

(ಡೊಂಬಿವಲಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಗೆ ಇರುವುದು ಎರಡೇ ಷರತ್ತು. ವಿಷಯ ವಿಜ್ಞಾನದ್ದಾಗಿರಬೇಕು, ಮಾತು ಕನ್ನಡದಲ್ಲಿರಬೇಕು. ಕಾರ್ಯದರ್ಶಿಗಳು ಫೋನಿನಲ್ಲಿ ವಿಷಯ ಕೇಳಿದಾಗ ‘ಒಂಟೆಯ ಉಣ್ಣೆ’ ಅಂದೆ. ‘ಚಲೋ ಆಯ್ತು ಡಾಕ್ಟ್ರೇ, ಚಳಿಗಾಲಕ್ಕೆ ಸರಿಯಾಗಿದೆ, ಕಂಬಳಿ ಶಾಲು ಎಲ್ಲ ಬರುತ್ತದಲ್ಲ’ ಅಂದರು. ತಪ್ಪು ಅವರದಲ್ಲ. ಕುರಿಯ ಮೈಮೇಲಿನ ತುಪ್ಪಳವೂ ಉಣ್ಣೆ, ಅದರೊಳಗೆ ಕೂತು ರಕ್ತ ಹೀರುವ ಹುಳವೂ ಉಣ್ಣೆ. ಗೊಂದಲವೇ ಬೇಡವೆಂದು ನಾನು ಹುಟ್ಟಿದ ಸಾಗರ ಸೀಮೆಯ ಮಾತಿನಲ್ಲಿ ಇವತ್ತು ಅದನ್ನು ಉಣುಗು ಎಂದೇ ಕರೆಯುತ್ತೇನೆ. ತುಳುವರು ಉಣುಂಗು ಅನ್ನುತ್ತಾರೆ, ತಮಿಳರು ಉಣ್ಣಿ. ‘ಉಣ್’ ಎಂಬ ಧಾತುವಿನಿಂದಲೇ ಇದು ಬಂದಿರಬೇಕು ಎಂಬುದು ನನ್ನ ಊಹೆ, ಭಾಷಾಶಾಸ್ತ್ರಜ್ಞರು ತಿದ್ದಬಹುದು. ಇಲ್ಲಿ ನಮ್ಮ ಅಕ್ಕಪಕ್ಕದ ಮರಾಠಿಗರಿಗೆ ಅದು ಗೋಚೀಡ, ತಬೇಲಾದ (ಎಮ್ಮೆ ಕೊಟ್ಟಿಗೆಯ) ಭೈಯಾಗಳಿಗೆ ಕಿಲನಿ, ಗುಜರಾತಿಗಳಿಗೆ ಇತರಡಿ.

ಒಂಟೆ ಯಾಕೆ ಎಂದು ಕೇಳುತ್ತೀರಿ. ಕಲ್ಯಾಣದ ಒಂದು ಮೈದಾನದಲ್ಲಿ ಮಕ್ಕಳ ಮೇಳ ನಡೆದಿತ್ತು. ಮೊಮ್ಮಗಳಿಗೆ ಒಂಟೆ ಸವಾರಿಯ ಹಟ. ಅವಳನ್ನು ಹತ್ತಿಸಿ, ಹಗ್ಗ ಹಿಡಿದವನ ಜೊತೆ ನಾನೂ ನಡೆದೆ. ನಿವೃತ್ತನಾದರೂ ಪಶುವೈದ್ಯನ ಕಣ್ಣು ಸುಮ್ಮನಿರುವುದಿಲ್ಲ. ಒಂಟೆ ಕೂತಾಗ ಬಾಲ ಎತ್ತಿ ನೋಡಿದೆ. ಬಾಲದ ಬುಡದಲ್ಲಿ, ತೊಡೆಯ ಸಂದಿನಲ್ಲಿ ಹರಳುಬೀಜದ ಹಾಗೆ ಊದಿದ ಉಣುಗುಗಳು, ನಡುನಡುವೆ ರಕ್ತ ತುಂಬಿ ಊದದ ಚಪ್ಪಟೆ ಗಂಡುಗಳು. ಉದ್ದ ಮೂತಿ, ಪಟ್ಟೆ ಪಟ್ಟೆ ಕಾಲು. ಹಯಲೋಮಾ ಕುಲ ಎಂದು ಬರಿಗಣ್ಣಿಗೇ ಹೇಳಬಹುದಿತ್ತು. ಪ್ರಭೇದ ಹೇಳಲು ಸೂಕ್ಷ್ಮದರ್ಶಕ ಬೇಕು, ಅದು ಮೇಳದಲ್ಲಿ ಇರಲಿಲ್ಲ.

ಆಗ ಪೌಷ ಮಾಸ. ನಾನು ಕೇಳಿದೆ, ‘ಈ ಚಳಿಯಲ್ಲೂ ಇಷ್ಟು ಕಿಲನಿಯೇ?’ ಒಂಟೆಯವನು ರಾಜಸ್ಥಾನದ ಬಾಡಮೇರ್ ಕಡೆಯ ಮನುಷ್ಯ. ಅವನು ಹೇಳಿದ ಮಾತು ಇವತ್ತಿನ ಉಪನ್ಯಾಸಕ್ಕೆ ಬೀಜ: ‘ಸಾಬ್, ನಮ್ಮೂರಲ್ಲಿ ಇದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಅಜ್ಜನಿಗೂ ಗೊತ್ತಿತ್ತು, ಒಂಟೆಗೂ ಗೊತ್ತಿತ್ತು. ಇಲ್ಲಿ ಹನ್ನೆರಡೂ ತಿಂಗಳು ಒಂದೇ.’

ಮೂವತ್ತೈದು ವರ್ಷ ಈ ಕಸುಬು ಮಾಡಿ ನಾನು ಕಲಿತದ್ದೂ ಅಷ್ಟೇ. ಉಣುಗಿಗೆ ಮದ್ದು ಹುಡುಕುವ ಮೊದಲು ಅದರ ಪಂಚಾಂಗ ಓದಬೇಕು. ನಾವು ನಮ್ಮ ಅನುಕೂಲದ ದಿನ ಮದ್ದು ಹೊಡೆಯುತ್ತೇವೆ, ಉಣುಗು ತನ್ನ ಮುಹೂರ್ತಕ್ಕೆ ಬರುತ್ತದೆ.

ಉಣುಗು ಕೀಟವಲ್ಲ, ಜೇಡ ಮತ್ತು ಚೇಳಿನ ಬಳಗ. ಮೊಟ್ಟೆಯೊಡೆದಾಗ ಆರು ಕಾಲಿನ ಮರಿ, ಒಂದು ಊಟವಾದ ಮೇಲೆ ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗು, ಇನ್ನೊಂದು ಊಟಕ್ಕೆ ಬೆಳೆದ ಉಣುಗು. ಮೂರನೆಯ ಊಟ ಮುಗಿಸಿದ ಹೆಣ್ಣು ನೆಲಕ್ಕೆ ಉದುರಿ, ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಹೆಣ್ಣಿನ ಇಡೀ ಬಾಳಿಗೆ ಹೆಚ್ಚುಕಡಿಮೆ ಮೂರೇ ಊಟ. ಉಳಿದ ಕಾಲವೆಲ್ಲ ಉಪವಾಸ, ಕಾಯುವಿಕೆ. ಮುಂಗಾಲಿನ ತುದಿಯಲ್ಲಿ ಹಾಲರ್ ಅಂಗವೆಂಬ ಸಣ್ಣ ಕುಳಿಯಿದೆ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಬಿಸಿಯನ್ನೂ ಉಣುಗು ಅದರಿಂದಲೇ ಅರಿಯುತ್ತದೆ. ಕಾಯುವಾಗ ಒಣಗಿ ಸಾಯದಿರಲು ಅದರ ಉಪಾಯ ನೋಡಿ. ಬಾಯಿಂದ ಉಪ್ಪಿನ ಜೊಲ್ಲು ಹೊರಬಿಡುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಅದನ್ನು ಮತ್ತೆ ನುಂಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದಲ್ಲ, ಅದೇ ತತ್ತ್ವ. ನೀರಿಲ್ಲದೆ ದಿನಗಟ್ಟಲೆ ನಡೆಯುವ ಪ್ರಾಣಿ ಎಂದು ಒಂಟೆಯನ್ನು ಹೊಗಳುತ್ತೇವೆ. ಅದರ ಬಾಲದಡಿ ಕೂತ ಈ ಜೀವ ಗಾಳಿಯನ್ನೇ ಕುಡಿಯುತ್ತದೆ.

ಹಾಗಾಗಿ ಉಣುಗಿನ ಕಾಲವನ್ನು ಮುಖ್ಯವಾಗಿ ನಿರ್ಧರಿಸುವುದು ಬಿಸಿ ಮತ್ತು ತೇವ. ಬಿಸಿ ಇದ್ದರೆ ಮೊಟ್ಟೆ ಬೇಗ ಒಡೆಯುತ್ತದೆ, ಪೊರೆ ಬೇಗ ಕಳಚುತ್ತದೆ. ತೇವ ಇದ್ದರೆ ಕಾಯುವ ಮರಿ ಬದುಕುತ್ತದೆ. ಈ ಎರಡೂ ಕೂಡಿಬರುವ ತಿಂಗಳು ಊರಿಂದೂರಿಗೆ ಬೇರೆ.

ಒಂಟೆಯ ಉಣುಗುಗಳಲ್ಲಿ ಮುಖ್ಯವಾದದ್ದು ಹಯಲೋಮಾ ಡ್ರೊಮೆಡರೈ. ಜರ್ಮನಿಯ ಕಾರ್ಲ್ ಲುಡ್‌ವಿಗ್ ಕಾಖ್ 1844ರಲ್ಲಿ ಹೆಸರಿಟ್ಟದ್ದು. ಹೆಸರಿನಲ್ಲೇ ಒಂಟೆ ಇದೆ. ಇದರ ಮರಿಗಳು ಇಲಿ, ಮೊಲ, ಮುಳ್ಳಂದಿಯಂಥ ಪುಟ್ಟ ಪ್ರಾಣಿಗಳ ಮೇಲೂ ಊಟ ಮಾಡುತ್ತವೆ, ಒಂಟೆಯ ಮೇಲೂ. ಅನುಕೂಲ ನೋಡಿ ಮೂರು ಪ್ರಾಣಿಗಳ ಆಸರೆ ಹಿಡಿಯುತ್ತದೆ, ಇಲ್ಲವೆಂದರೆ ಎರಡರಲ್ಲೇ ಮುಗಿಸುತ್ತದೆ. ಬೆಳೆದ ಉಣುಗು ಹುಲ್ಲಿನ ತುದಿಯಲ್ಲಿ ಕೈಚಾಚಿ ಕೂರುವ ಜಾತಿಯಲ್ಲ, ಬೇಟೆಗಾರ. ಒಂಟೆ ಮಲಗಿದರೆ ಮರಳಿನಿಂದ ಎದ್ದು ಓಡಿ ಬರುತ್ತದೆ.

ರಾಜಸ್ಥಾನದ ಒಣನಾಡಿನಲ್ಲಿ ಉಣುಗು ವರ್ಷವಿಡೀ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಸೆಖೆ ಮತ್ತು ಮಳೆ ಜೊತೆಯಾಗುವ ಆಷಾಢ, ಶ್ರಾವಣ, ಭಾದ್ರಪದಗಳಲ್ಲಿ ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ಉತ್ತರ ಆಫ್ರಿಕದಲ್ಲಿ ವಸಂತ ಮತ್ತು ಬೇಸಿಗೆಗೆ ಏರು. ಕೀನ್ಯಾ, ಇಥಿಯೋಪಿಯಗಳಲ್ಲಿ ಅದು ಮಳೆಯ ಬೆನ್ನು ಹಿಡಿಯುತ್ತದೆ. ಒಂದೇ ಪ್ರಾಣಿ, ಸೀಮೆಗೊಂದು ಪಂಚಾಂಗ. ಎಣಿಸುವ ಕ್ರಮ ಕೇಳಿದರೆ ನಗುತ್ತೀರಿ. ಒಂಟೆಯ ಒಂದು ಮಗ್ಗುಲಿನ ಉಣುಗು ಎಣಿಸಿ ಎರಡರಿಂದ ಗುಣಿಸುವುದು. ಒಂಟೆ ಒದೆಯುವ ಪ್ರಾಣಿ, ಇನ್ನೊಂದು ಮಗ್ಗುಲಿಗೆ ಹೋಗುವ ಉಮೇದು ಸಂಶೋಧಕನಿಗೂ ಇರುವುದಿಲ್ಲ.

ಒಂಟೆಯವನ ಪಂಚಾಂಗದಲ್ಲಿ ಉಣುಗು ಒಂದೇ ಅಲ್ಲ. ಚಳಿಗಾಲಕ್ಕೆ ತುರಿಕಜ್ಜಿ ಬರುತ್ತದೆ, ಅದಕ್ಕೆ ತಾರಾಮೀರಾ ಎಣ್ಣೆ ಬಳಿಯುತ್ತಾರೆ. ಮಳೆಗಾಲಕ್ಕೆ ಕುದುರೆನೊಣಗಳ ಮೂಲಕ ಸರ್ರಾ ರೋಗ ಬರುತ್ತದೆ. ಮೂರು ವರ್ಷ ನರಳಿಸುವುದರಿಂದ ಅದಕ್ಕೆ ತಿಬರ್ಸಾ ಎಂದೇ ಹೆಸರು. ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಎಂಬ ಸೇನೆಯ ಪಶುವೈದ್ಯ 1880ರಲ್ಲಿ ಡೇರಾ ಇಸ್ಮಾಯಿಲ್ ಖಾನಿನ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡ. ನನ್ನ ಕಸುಬಿನವರು ಹೆಮ್ಮೆಪಡಬೇಕಾದ ಸಂಗತಿ ಅದು, ಪಠ್ಯಪುಸ್ತಕದಲ್ಲಿ ಒಂದು ಸಾಲಿಗೆ ಮುಗಿದುಹೋಗಿದೆ.

ಆ ಪಂಚಾಂಗ ಓದಬಲ್ಲ ಜನವೂ ಒಂಟೆಗಳೂ ಕಡಿಮೆಯಾಗುತ್ತಿವೆ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದ ಒಂಟೆಗಳು ಸುಮಾರು 2.5 ಲಕ್ಷ. 2012ರಲ್ಲಿ 4 ಲಕ್ಷ ಇದ್ದವು. ಏಳು ವರ್ಷದಲ್ಲಿ ಶೇಕಡಾ 37 ಇಳಿಕೆ. 2014ರಲ್ಲಿ ರಾಜಸ್ಥಾನ ಒಂಟೆಯನ್ನು ರಾಜ್ಯಪ್ರಾಣಿ ಮಾಡಿತು, 2015ರಲ್ಲಿ ಅದರ ವಧೆಯನ್ನು ನಿಷೇಧಿಸಿ ಹೊರರಾಜ್ಯಕ್ಕೆ ಸಾಗಿಸುವುದಕ್ಕೆ ಕಾನೂನಿನ ಕಟ್ಟು ಹಾಕಿತು. ವಿಶ್ವಸಂಸ್ಥೆ 2024ನ್ನು ಒಂಟೆ ವರ್ಗದ ವರ್ಷವೆಂದು ಆಚರಿಸಿತು. ಇಷ್ಟೆಲ್ಲ ಆದ ಮೇಲೂ ಕಲ್ಯಾಣದ ಮೈದಾನದಲ್ಲಿ ಒಂದು ಒಂಟೆ, ಬಾಲದಡಿ ಉಣುಗು ತುಂಬಿಕೊಂಡು, ಮಕ್ಕಳನ್ನು ಹೊತ್ತು ಸುತ್ತುತ್ತಿರುತ್ತದೆ.

ಆ ಒಂಟೆಯ ಉಣುಗಿಗೆ ಇಲ್ಲಿ ಕಾಲ ತಪ್ಪಿದ್ದೇಕೆ? ರಾಜಸ್ಥಾನದ ಬಿಕಾನೇರಿನ ಮಳೆ ವರ್ಷಕ್ಕೆ 300 ಮಿಲಿಮೀಟರಿನ ಒಳಗೆ. ಠಾಣೆಯ ಮಳೆ ಎರಡೂವರೆ ಸಾವಿರದ ಆಸುಪಾಸು. ಇಲ್ಲಿ ಚಳಿಯೆಂದರೆ ಬೆಳಗಿನ ಮೊದಲ ಲೋಕಲ್ಲಿನಲ್ಲಿ ಸ್ವೆಟರ್ ಹಾಕಿಕೊಳ್ಳುವಷ್ಟು, ಅಷ್ಟೇ. ಉಣುಗನ್ನು ತಡೆಯುವ ಚಳಿ ಅದಲ್ಲ. ಮೈದಾನದಲ್ಲಿ ಒಂಟೆಗೆ ದಿನವೂ ಅದೇ ಗೂಟ, ಅದೇ ನೆಲ. ಮರಳಿನಲ್ಲಿ ಊರೂರು ಮೇಯುತ್ತ ಹೋಗುವ ಹಿಂಡು ಉದುರಿದ ಉಣುಗನ್ನು ಹಿಂದೆ ಬಿಟ್ಟು ಮುಂದೆ ನಡೆಯುತ್ತದೆ. ಗೂಟದ ಒಂಟೆ ತನ್ನ ಉಣುಗಿನ ಮೊಟ್ಟೆಯ ಮೇಲೇ ಮಲಗುತ್ತದೆ. ಒಂಟೆಯವನು ಹೇಳಿದ ಹನ್ನೆರಡು ತಿಂಗಳ ಲೆಕ್ಕ ಇದು.

ನನಗೆ ಇದು ಹೊಸದಾಗಿರಲಿಲ್ಲ. ಪರೇಲಿನಲ್ಲಿ 1886ರಿಂದ ನಡೆದುಬಂದ ಮುಂಬಯಿ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಮುಗಿಸಿ ಮೊದಲು ಕೆಲಸಕ್ಕೆ ಇಳಿದದ್ದು ಕಲ್ಯಾಣ, ಭಿವಂಡಿಯ ತಬೇಲಾಗಳಲ್ಲಿ. ದುರ್ಗಾಡಿ ಕೋಟೆಯ ಕೆಳಗೆ ಖಾಡಿಯ (ಅಳಿವೆಯ) ಗಾಳಿ, ಸಗಣಿಯ ವಾಸನೆ, ಸಾಲಾಗಿ ಕಟ್ಟಿದ ಎಮ್ಮೆಗಳು. ಹರಿಯಾಣದಿಂದ ಬಂದ ಮುರ್ರಾ, ಗುಜರಾತಿನಿಂದ ಬಂದ ಜಾಫರಾಬಾದಿ, ಮೆಹಸಾಣಾ. ನಮ್ಮ ಬೆಳಗಿನ ಚಹಾದ ಹಾಲು ಎಷ್ಟೋ ವರ್ಷ ಅಲ್ಲಿಂದಲೇ ಬಂದದ್ದು. ತಬೇಲಾದ ಲೆಕ್ಕ ಕಟುವಾದದ್ದು. ಕರು ಹಾಕಿದ ಎಮ್ಮೆ ಲಾರಿಯಲ್ಲಿ ಬರುತ್ತದೆ, ಹಾಲು ಬತ್ತಿ ಭಾಕಡ ಆದದ್ದು ಲಾರಿಯಲ್ಲಿ ಹೋಗುತ್ತದೆ. ಹೀಗೆ ಬರುವ ಪ್ರತಿ ಎಮ್ಮೆಯೂ ತನ್ನ ಊರಿನ ಉಣುಗನ್ನೂ ಅದರ ಕಾಲವನ್ನೂ ಹೊತ್ತು ತರುತ್ತದೆ. ರೋಹ್ತಕ್‌ನ ಭಾದ್ರಪದ ಕಲ್ಯಾಣದ ಕಾರ್ತಿಕದಲ್ಲಿ ಇಳಿಯುತ್ತದೆ.

ಒಂದು ತಬೇಲಾದಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಮೂರು ವಾರದಲ್ಲಿ ಮೂರು ಸಲ ಎಮ್ಮೆಗಳ ಮೈಗೆ ಮದ್ದು ಹೊಡೆಸಿದೆ. ಒಮ್ಮೆ ಹೊಡೆದರೆ ಎಂಟು ದಿನ ಸ್ವಚ್ಛ, ಒಂಬತ್ತನೇ ದಿನ ಮತ್ತೆ ಕೆಚ್ಚಲ ತುಂಬ ಉಣುಗು. ಮದ್ದು ಕಲಬೆರಕೆ ಎಂದು ಅಂಗಡಿಯವನನ್ನು ಬೈದು ಬಂದೆ. ಜೌನ್‌ಪುರದ ಮುದುಕನೊಬ್ಬ, ಹಾಲು ಕರೆಯುವವನು, ರಾತ್ರಿ ಹನ್ನೊಂದಕ್ಕೆ ಕರೆದುಕೊಂಡು ಹೋಗಿ ಟಾರ್ಚ್ ಬಿಟ್ಟ, ಎಮ್ಮೆಯ ಮೇಲಲ್ಲ, ಗೋಡೆಯ ಮೇಲೆ. ಇಟ್ಟಿಗೆಯ ಸಂದಿನಿಂದ ಉಣುಗುಗಳು ಸಾಲುಗಟ್ಟಿ ಇಳಿಯುತ್ತಿದ್ದವು. ‘ಡಾಕ್ಟರ್ ಸಾಬ್, ನೀವು ಬಾಡಿಗೆದಾರನಿಗೆ ಮದ್ದು ಕೊಟ್ಟಿರಿ, ಮನೆ ಹಾಗೇ ಇದೆ’ ಅಂದ. ಹಯಲೋಮಾ ಅನಾಟೊಲಿಕಮ್ ಕೊಟ್ಟಿಗೆಯ ಬಿರುಕಿನಲ್ಲಿ ಸಂಸಾರ ಹೂಡುವ ಜಾತಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಕಣ್ಣಿಗೆ ಬಿದ್ದದ್ದು ಆ ರಾತ್ರಿ. ಮಾರನೇ ದಿನ ಬಿರುಕುಗಳಿಗೆ ಬೆಂಕಿಯ ದೀಪ ಹಿಡಿಸಿ, ಗಾರೆ ಮೆತ್ತಿಸಿ, ಸುಣ್ಣ ಹೊಡೆಸಿದೆವು. ಅಂಗಡಿಯವನ ಕ್ಷಮೆ ಕೇಳಲಿಲ್ಲ, ಅದೊಂದು ಬಾಕಿ.

ಆ ತಬೇಲಾಗಳಲ್ಲೇ ಇನ್ನೊಂದು ಜಾತಿಯಿತ್ತು, ದನದ ನೀಲಿ ಉಣುಗು, ರಿಪಿಸೆಫಾಲಸ್ ಮೈಕ್ರೊಪ್ಲಸ್. ಅದರ ಪಂಚಾಂಗ ತೀರ ಬೇರೆ. ಮರಿಯಾಗಿ ಹತ್ತಿದ್ದು ಒಂದೇ ದನದ ಮೇಲೆ ಮೂರೂ ಹಂತ ಮುಗಿಸಿ ಸುಮಾರು 21 ದಿನಕ್ಕೆ ಇಳಿಯುತ್ತದೆ. ಇದಕ್ಕೆ ಗೋಡೆಗೆ ಸುಣ್ಣ ಹೊಡೆದು ಪ್ರಯೋಜನವಿಲ್ಲ, ಮೈಗೇ ಮದ್ದು ಬೇಕು, ಮೂರು ವಾರ ತುಂಬುವ ಮೊದಲು ಮತ್ತೊಮ್ಮೆ ಬೇಕು. ಇದೇ ಬಳಗದ ಉಣುಗು ದನದಿಂದ ದನಕ್ಕೆ ಕೆಂಪು ಮೂತ್ರದ ಜ್ವರ ದಾಟಿಸುತ್ತದೆಂದು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ 1893ರಲ್ಲಿ ತೋರಿಸಿದರು. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಾಣುವುದಕ್ಕೆ ನಾಲ್ಕು ವರ್ಷ ಮೊದಲು. ಮದ್ದನ್ನು ನೀರು ಹೆಚ್ಚು ಹಾಕಿ ತೆಳು ಮಾಡಿ ಹೊಡೆಯುವುದು ನಮ್ಮ ತಬೇಲಾಗಳ ಹಳೇ ಚಾಳಿ. ಸಾಯದೆ ಉಳಿದ ಉಣುಗಿನ ಸಂತತಿಗೆ ಮದ್ದು ಒಗ್ಗಿಹೋಗಿದೆ. ಚುಚ್ಚುಮದ್ದು ಕೊಡೋಣವೆಂದರೆ ಹಾಲಿನಲ್ಲಿ ಇಳಿಯುತ್ತದೆ. ತಬೇಲಾದಲ್ಲಿ ಹಾಲು ಕೊಡದ ಎಮ್ಮೆಗೆ ಜಾಗವೇ ಇಲ್ಲ. ಕದ್ದು ಕೊಡುವವರೂ ಇದ್ದರು. ನಾನು ಬರೆದುಕೊಡಲಿಲ್ಲ ಎಂಬುದಷ್ಟೇ ನನ್ನ ಸಮಾಧಾನ.

ಈಗ ಘಟ್ಟದ ಕಡೆ ಬರೋಣ. ಈ ಸಭೆಯಲ್ಲಿ ಮಲೆನಾಡಿನವರು ಬಹಳ ಇದ್ದೀರಿ, ನಿಮಗೆ ಉಣುಗು ಎಂದರೆ ಒಂದೇ ನೆನಪು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ, ಕೋತಿಗಳು ಸತ್ತು ಬೀಳತೊಡಗಿದವು. ಜನರಿಗೆ ಬಿಟ್ಟುಬಿಡದ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ತಂಡದೊಂದಿಗೆ ಓಡಿ ಬಂದರು. ಹಳದಿ ಜ್ವರ ಅಲ್ಲ, ರಷ್ಯದ ಉಣುಗು ಜ್ವರದ ನೆಂಟ ಎಂದು ತಿಳಿಯಿತು. ಅಲ್ಲಿಂದ ಇಲ್ಲಿಗೆ ಹಕ್ಕಿಗಳು ತಂದವೇ ಎಂಬ ಗುಮಾನಿಯೇ ಸಲೀಂ ಅಲಿಯವರ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಹಿಡಿಯಲು ಒಂದು ಕಾರಣ. ಹಕ್ಕಿಯ ವಾದ ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ ನಮ್ಮ ಠಾಣೆ ಖಾಡಿಯ ರಾಜಹಂಸಗಳಿಗೆ ಉಂಗುರ ತೊಡಿಸುವ ಇಂದಿನ ಕೆಲಸದ ಹಿಂದಿನ ಪರಂಪರೆಯಲ್ಲಿ ಕ್ಯಾಸನೂರಿನ ಸತ್ತ ಮಂಗಕ್ಕೂ ಒಂದು ಪಾಲಿದೆ.

ಮಲೆನಾಡಿನ ಈ ಕಾಯಿಲೆಯ ಉಣುಗು ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದರ ಪಂಚಾಂಗವನ್ನು ನಮ್ಮ ಮಳೆ ನಕ್ಷತ್ರಗಳಲ್ಲೇ ಹೇಳಬಹುದು. ಆರಿದ್ರ, ಪುನರ್ವಸು, ಪುಷ್ಯ ಮಳೆ ಸುರಿಯುವಾಗ ಬೆಳೆದ ಉಣುಗು ದನ, ಕಾಡುಪ್ರಾಣಿಗಳ ಮೈಯೇರುತ್ತದೆ. ಉಂಡ ಹೆಣ್ಣು ತರಗೆಲೆಯ ಅಡಿ ಮೊಟ್ಟೆಯಿಡುತ್ತದೆ. ಹಸ್ತ, ಚಿತ್ತಾ, ಸ್ವಾತಿಯ ಹೊತ್ತಿಗೆ ಮರಿ ಎದ್ದು ಇಲಿ, ಹಕ್ಕಿ, ಮಂಗಗಳನ್ನು ಹಿಡಿಯುತ್ತದೆ. ಧನುರ್ಮಾಸದಿಂದ ಯುಗಾದಿ ದಾಟುವವರೆಗೆ ಎಳೆಯ ಉಣುಗಿನ ಕಾಲ. ಸಾಸಿವೆಯಷ್ಟು ಸಣ್ಣದು, ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಮನುಷ್ಯನಿಗೆ ಕಾಯಿಲೆ ದಾಟಿಸುವುದು ಮುಖ್ಯವಾಗಿ ಇದೇ. ಮರುಭೂಮಿಯ ಒಂಟೆಗೆ ಉಣುಗಿನ ಕಾಟ ಇಳಿಯುವ ಅದೇ ತಿಂಗಳು ಮಲೆನಾಡಿನಲ್ಲಿ ಜ್ವರದ ತಿಂಗಳು. ನಮ್ಮ ಜನ ಕಾಡಿಗೆ ಹೋಗುವುದೂ ಆಗಲೇ. ಅಡಿಕೆ ಕೊಯ್ಲು, ಸೌದೆ, ಕೊಟ್ಟಿಗೆಗೆ ದರಕು ಗುಡಿಸುವುದು. ಉಣುಗಿನ ಪಂಚಾಂಗವೂ ನಮ್ಮ ಬೇಸಾಯದ ಪಂಚಾಂಗವೂ ಒಂದೇ ಪುಟದಲ್ಲಿ ಕೂಡುತ್ತವೆ.

ಜೋರ್ಜ್ ಬೋಷೆಲ್ ಎಂಬ ಕೊಲಂಬಿಯದ ವಿಜ್ಞಾನಿ 1969ರಲ್ಲಿ ಇದನ್ನು ನೇರವಾಗಿ ಬರೆದ. ಕಾಡು ಕಡಿದು ಗದ್ದೆ ಮಾಡಿದ್ದು, ಕಾಡಿನಂಚಿಗೆ ದನ ಬಿಟ್ಟದ್ದು ಬೆಳೆದ ಉಣುಗಿಗೆ ಧಾರಾಳ ಊಟವಾಯಿತು ಎಂದ. ದನಕ್ಕೆ ಕಾಯಿಲೆ ಬರುವುದಿಲ್ಲ, ಅದು ಉಣುಗಿನ ದಾಸೋಹ ಮಾತ್ರ. ಹಾಗಾದರೆ ದನದ ಮೈಗೆ ಮದ್ದು ಯಾವಾಗ? ಮಳೆಗಾಲದಲ್ಲಿ, ಬೆಳೆದ ಉಣುಗು ಮೈಮೇಲಿರುವಾಗ. ಜನರಿಗೆ ಜ್ವರ ಬಂದ ಫೆಬ್ರುವರಿಯಲ್ಲಿ ದನಕ್ಕೆ ಮದ್ದು ಹಾಕಿದರೆ ಉತ್ಸವ ಮುಗಿದ ಮೇಲೆ ಚಪ್ಪರ ಹಾಕಿದಂತೆ. ನಾನು ಊರಿಗೆ ಹೋದಾಗಲೆಲ್ಲ ಇದನ್ನು ಹೇಳುತ್ತೇನೆ. ಮಳೆಯಲ್ಲಿ ಮದ್ದು ತೊಳೆದುಹೋಗುತ್ತದಲ್ಲ ಎಂದು ಅವರು ಕೇಳುತ್ತಾರೆ. ಅದೂ ನಿಜವೇ. ಕೊಟ್ಟಿಗೆಯಲ್ಲಿ ಹಾಕಿ ಮೈ ಒಣಗಿದ ಮೇಲೆ ಬಿಡಬೇಕು, ಮತ್ತೆ ಮತ್ತೆ ಹಾಕಬೇಕು. ಸುಲಭ ಎಂದು ನಾನು ಹೇಳಿಲ್ಲ.

ಈ ಕಾಯಿಲೆ ಘಟ್ಟದ ಗುಂಟ ನಡೆಯುತ್ತಲೇ ಬಂದಿದೆ. 2012–13ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವೆಯ ಸತ್ತರಿ, 2016ಕ್ಕೆ ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ನಮ್ಮ ಸಾಗರದ ಅರಲಗೋಡಿನಲ್ಲಿ ಸಾವುಗಳಾದವು. ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುವ ಕಾಯಿಲೆ ಇದು. 1990ರಿಂದ ಕೊಡುತ್ತಿದ್ದ ಲಸಿಕೆಯ ಬಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಈಗ ಕೈಯಲ್ಲಿರುವುದು ಮೈಗೆ ಹಚ್ಚುವ ಡೇಪಾ ಎಣ್ಣೆ, ಮಂಗ ಸತ್ತ ಜಾಗಕ್ಕೆ ಉದುರಿಸುವ ಪುಡಿ, ಮತ್ತು ಕಾಲದ ಅರಿವು.

ಒಂಟೆಯ ಉಣುಗಿನ ಬಳಗಕ್ಕೂ ಒಂದು ಜ್ವರ ಉಂಟು, ಕ್ರಿಮಿಯ–ಕಾಂಗೊ ರಕ್ತಸ್ರಾವ ಜ್ವರ. ಅದನ್ನು ಹೊರುವುದು ಹಯಲೋಮಾ ಉಣುಗು. ಜಾನುವಾರಿಗೆ ಏನೂ ಆಗುವುದಿಲ್ಲ, ಮನುಷ್ಯನ ಜೀವ ಹೋಗಬಹುದು. ಭಾರತದಲ್ಲಿ ಮೊದಲು ದೃಢಪಟ್ಟದ್ದು 2011ರ ಜನವರಿಯಲ್ಲಿ, ಅಹಮದಾಬಾದ್ ಬಳಿಯ ಸಾಣಂದದಲ್ಲಿ. ರೋಗಿಯ ಶುಶ್ರೂಷೆ ಮಾಡಿದ ಆಸ್ಪತ್ರೆಯವರೂ ಬಲಿಯಾದರು. 2020ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಪಾಲ್ಘರ್ ಜಿಲ್ಲೆ ಗುಜರಾತಿನ ಗಡಿಯ ಕಾರಣ ಎಚ್ಚರಿಕೆ ಹೊರಡಿಸಿತ್ತು. ಕೋವಿಡ್ಡಿನ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಿರಲಾರದು. ನಮ್ಮ ಮನೆಗಳಲ್ಲಿ ಉಣುಗು ಕಿತ್ತು ಉಗುರಿನಲ್ಲಿ ಚಿಟಕ್ಕೆನ್ನಿಸುವ ಅಭ್ಯಾಸವಿದೆ. ಒಡೆದ ಉಣುಗಿನ ರಕ್ತ ಕೈಯ ಗೀರಿಗೆ ತಾಗುವುದೂ ಈ ಜ್ವರಕ್ಕೆ ಒಂದು ದಾರಿ. ಸೀಮೆಎಣ್ಣೆ ಸುರಿಯುವುದು, ಬೀಡಿಯಲ್ಲಿ ಸುಡುವುದು ಕೂಡ ಬೇಡ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ಕೈ ತೊಳೆಯಿರಿ.

ಏಳನೇ ಮಹಡಿಯಲ್ಲಿ ಒಂಟೆಯೂ ಇಲ್ಲ, ಎಮ್ಮೆಯೂ ಇಲ್ಲ ಎಂದು ನಿಶ್ಚಿಂತೆಯಿಂದ ಇರುವವರಿಗೆ ಒಂದು ಮಾತು. ನಿಮ್ಮ ನಾಯಿಯ ಕಂದು ಉಣುಗಿಗೆ ಪಂಚಾಂಗವೇ ಬೇಡ. ಅದು ಮನೆಯೊಳಗೇ ಬದುಕಬಲ್ಲದು, ಪರದೆ ಹತ್ತುತ್ತದೆ, ಸೋಫಾದ ಹೊಲಿಗೆಯಲ್ಲಿ ಪೊರೆ ಕಳಚುತ್ತದೆ, ಡಿಸೆಂಬರಿನಲ್ಲೂ ಮೊಟ್ಟೆಯಿಡುತ್ತದೆ. ಖಾರ್‌ಘರ್‌ನ ಒಬ್ಬರು ನಾಯಿಗೆ ತಿಂಗಳಿಗೆ ಎರಡು ಸಲ ಮದ್ದು ಹಾಕಿಸಿ ಸೋತು ನನಗೆ ಫೋನ್ ಮಾಡಿದ್ದರು. ಜೌನ್‌ಪುರದ ಮುದುಕನ ಮಾತನ್ನೇ ಅವರಿಗೂ ಹೇಳಿದೆ: ಮನೆ ನೋಡಿ.

ಕೊನೆಗೆ ಒಂದು ವಿನಂತಿ. ಇವತ್ತು ಧನುರ್ಮಾಸದ ಎರಡನೆಯ ವಾರ. ನಿಮ್ಮಲ್ಲಿ ಎಷ್ಟೋ ಜನ ಸಂಕ್ರಾಂತಿಗೋ ಶಿವರಾತ್ರಿಗೋ ಪನ್ವೇಲಿನಲ್ಲಿ ಗಾಡಿ ಹತ್ತಿ ಸಾಗರ, ಹೊಸನಗರ, ಸಿದ್ದಾಪುರ, ತೀರ್ಥಹಳ್ಳಿಗೆ ಹೋಗುವವರು. ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತುವ ಮೊದಲು ಎಣ್ಣೆ ಹಚ್ಚಿ, ಕಾಲುಚೀಲದೊಳಗೆ ಪ್ಯಾಂಟು ತುರುಕಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿಸಿ, ಬಟ್ಟೆ ಕುದಿಸಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೊ ತೆಗೆಯಲು ಕೂಡ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಹೇಳಿ. ಮರಳಿ ಬಂದ ಎರಡು ವಾರದೊಳಗೆ ಜ್ವರ ಬಂದರೆ ಡೊಂಬಿವಲಿಯ ಡಾಕ್ಟರಿಗೆ ನೀವು ಯಾವ ಕಾಡಿಗೆ ಹೋಗಿದ್ದಿರಿ ಎಂಬುದನ್ನು ನೀವಾಗಿಯೇ ತಿಳಿಸಿ. ಅವರು ಡೆಂಗಿ, ಮಲೇರಿಯಾ ಕೇಳಿಯಾರು, ಕ್ಯಾಸನೂರನ್ನು ಕೇಳುವುದಿಲ್ಲ.